ಅಕ್ಕನ ಚೀನಿಕಾಯಿ ಗದ್ದೆ

ನಾನು ಚಿಕ್ಕವಳಿದ್ದಾಗ, ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿದ್ದ ವರ್ಷ, ನಮ್ಮ ಅಕ್ಕನಿಗೆ ಒಂದು ಗದ್ದೆ ಸಿಕ್ಕಿತು. ಸಿಕ್ಕಿತು ಅಂದರೆ ಹೊರಗಿನವರು ಯಾರೋ ಕೊಟ್ಟದ್ದಲ್ಲ. ನಮ್ಮದೇ ಗದ್ದೆಗಳ ಸಾಲಿನಲ್ಲಿ ಕೊನೆಯದು, ಕಾಡಿನ ಅಂಚಿಗೆ ತಾಗಿಕೊಂಡದ್ದು. ಭತ್ತ ಕೊಯ್ದ ಮೇಲೆ ಪ್ರತಿವರ್ಷ ಅದನ್ನು ದನ ಮೇಯಲು ಬಿಡುತ್ತಿದ್ದರು. ಅಲ್ಲಿ ತರಕಾರಿ ಬೆಳೆಯುತ್ತೇನೆ ಎಂದು ಅಕ್ಕ ಮೂರು ವರ್ಷದಿಂದ ಅಪ್ಪನ ಬೆನ್ನು ಹತ್ತಿದ್ದಳು. ಆ ವರ್ಷ ಅಪ್ಪ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ, "ಮಾಡುದಾದ್ರೆ ಮಾಡು. ನೀರು ಮಾತ್ರ ನೀನೇ ಹೊರ್ಬೇಕು. ಮತ್ತೆ ಸೊಂಟ ನೋವು ಅಂತ ಹೇಳ್ಲಿಕ್ಕಿಲ್ಲ" ಅಂದುಬಿಟ್ಟರು. ಅಕ್ಕ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಒಬ್ಬಳೇ ನಕ್ಕದ್ದನ್ನು ನಾನು ನೋಡಿದೆ.

ನಮ್ಮ ಮನೆ ಇದ್ದದ್ದು ಐವರ್ನಾಡಿನ ಹತ್ತಿರ. ಅಪ್ಪ, ಅಮ್ಮ, ಅಕ್ಕ ಮತ್ತು ನಾನು, ನಾಲ್ಕೇ ಜನ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಏಳನೇ ಕ್ಲಾಸು ಮುಗಿಸಿ ಮನೆಗೆಲಸ, ಗದ್ದೆಗೆಲಸ ಎಂದು ಮನೆಯಲ್ಲೇ ಇದ್ದಳು. ನಾವು ಮನೆಯಲ್ಲಿ ಆಡುತ್ತಿದ್ದದ್ದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಅವರ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಕ್ಕ ಆ ಗದ್ದೆಯ ತುಂಬಾ ಹಾಕಿದ್ದು ಚೀನಿಕಾಯಿ. ನೀವು ಸಿಹಿಗುಂಬಳ ಎನ್ನುತ್ತೀರಲ್ಲ, ಅದೇ. ಅವಳಿಗೆ ಅದರ ಮೇಲೆ ಅಷ್ಟು ಮನಸ್ಸಾಗಲು ಕಾರಣವಿತ್ತು. ಬಲಿತ ಚೀನಿಕಾಯಿಯನ್ನು ಅಟ್ಟದ ಮೇಲೆ ಇಟ್ಟರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ಹಿಂದಿನ ವರ್ಷ ನಮ್ಮ ಅಟ್ಟ ಖಾಲಿ ಇತ್ತು. ಜಡಿಮಳೆಯ ಎರಡು ತಿಂಗಳು ಬೆಳಗ್ಗೆ ಗಂಜಿಗೂ ಹುರುಳಿ ಚಟ್ನಿ, ಮಧ್ಯಾಹ್ನ ಅನ್ನಕ್ಕೂ ಹುರುಳಿ ಸಾರು, ರಾತ್ರಿಗೂ ಅದೇ. ಕೊನೆಕೊನೆಗೆ ಹುರುಳಿ ಬೇಯುವ ವಾಸನೆ ಬಂದರೆ ನಾನು ಅಳುತ್ತಿದ್ದೆ. ಅಮ್ಮ ಬೈಯುತ್ತಿರಲಿಲ್ಲ. ಬಟ್ಟಲನ್ನು ಸುಮ್ಮನೆ ನನ್ನ ಮುಂದೆ ಸರಿಸಿ ಬೇರೆ ಕಡೆ ನೋಡುತ್ತಿದ್ದಳು.

ಕೆಲಸ ಶುರುವಾದದ್ದು ಚಳಿಯ ದಿನಗಳಲ್ಲಿ. ಮೊದಲು ಮಣ್ಣು ಸುಡಬೇಕು. ಒಣ ಎಲೆ, ಹುಲ್ಲು, ತೆಂಗಿನ ಸಿಪ್ಪೆಗಳನ್ನು ರಾಶಿ ಹಾಕಿ, ಮೇಲೆ ಮಣ್ಣಿನ ಹೆಂಟೆಗಳನ್ನು ಪೇರಿಸಿ ಕೆಳಗಿನಿಂದ ಬೆಂಕಿ ಕೊಡುವುದು. ಧಗಧಗ ಉರಿಯಬಾರದು, ಒಳಗೊಳಗೇ ಹೊಗೆಯಾಡುತ್ತಾ ಎರಡು ದಿನ ಬೇಯಬೇಕು. ಆಮೇಲೆ ಆ ಮಣ್ಣು ಕೆಂಪಗೆ, ಹಗುರವಾಗಿ, ಹಿಡಿದರೆ ಕೈಯಲ್ಲಿ ಪುಡಿಯಾಗುತ್ತದೆ. ಅದೇ ಸುಡುಮಣ್ಣು. ಅದನ್ನೂ ಹಟ್ಟಿ ಗೊಬ್ಬರವನ್ನೂ ಕಲಸಿ ಅಕ್ಕ ಒಂದೊಂದು ಗುಂಡಿಗೆ ತುಂಬಿದಳು, ಒಂದೊಂದರಲ್ಲಿ ನಾಲ್ಕು ನಾಲ್ಕು ಬೀಜ ಊರಿದಳು. ರಾತ್ರಿ ಅವಳ ಪಕ್ಕ ಮಲಗಿದರೆ ಅವಳ ಕೂದಲಿಂದ ಹೊಗೆಯ ವಾಸನೆ ಬರುತ್ತಿತ್ತು. ವಾರವಾದರೂ ಹೋಗಲಿಲ್ಲ.

ಮತ್ತೆ ನೀರು. ಗದ್ದೆಗಳ ನಡುವೆ ಒಂದು ಸಣ್ಣ ಕೆರೆ ಇತ್ತು, ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಅಕ್ಕ ಎರಡೂ ಕೈಯಲ್ಲಿ ಕೊಡ ಹಿಡಿದು ಬೆಳಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದಳು. ನನ್ನ ಕೈಯಲ್ಲಿ ಒಂದು ಚೆಂಬು. ಎಳೆ ಬಳ್ಳಿಯ ಬುಡಕ್ಕೆ ಕೊಡದಿಂದ ಒಮ್ಮೆಲೇ ಸುರಿದರೆ ಮಣ್ಣು ಕೊಚ್ಚಿಹೋಗುತ್ತದೆ ಎಂದು, ಅವಳು ತಂದ ನೀರನ್ನು ಚೆಂಬಿನಲ್ಲಿ ಮೆಲ್ಲಗೆ ಬಿಡುವ ಕೆಲಸ ನನ್ನದು. ಬೆಳಗ್ಗೆ ಇಬ್ಬನಿ ಆರುವ ಮೊದಲು ಎಲೆಗಳ ಮೇಲೆ ಒಲೆ ಬೂದಿ ಎರಚುವುದೂ ನನ್ನದೇ. ಇಲ್ಲದಿದ್ದರೆ ಕೆಂಪು ಹುಳಗಳು ಎಲೆಯನ್ನು ಜರಡಿ ಮಾಡಿಬಿಡುತ್ತಿದ್ದವು.

ಶಿವರಾತ್ರಿ ಕಳೆದು ಸೆಕೆ ಏರುವ ಹೊತ್ತಿಗೆ ಇಡೀ ಗದ್ದೆ ಹಸಿರಾಯಿತು. ಅಂಗೈಯಷ್ಟಿದ್ದ ಎಲೆ ಊಟದ ಬಟ್ಟಲಷ್ಟಾಯಿತು. ಮೊದಲು ಅರಳಿದವೆಲ್ಲ ಗಂಡು ಹೂಗಳು. ಉದ್ದ ತೊಟ್ಟಿನ ಮೇಲೆ ನಿಂತ ಹಳದಿ ಹೂಗಳು, ನೋಡಲು ಚಂದ, ಆದರೆ ಅವುಗಳಲ್ಲಿ ಕಾಯಿ ಆಗುವುದಿಲ್ಲ. ಹೆಣ್ಣು ಹೂವಿನ ಕೆಳಗೆ ನೆಲ್ಲಿಕಾಯಿ ಗಾತ್ರದ ಒಂದು ಪುಟ್ಟ ಚೀನಿಕಾಯಿ ಮೊದಲೇ ಇರುತ್ತದೆ. ಅದನ್ನು ಮೊದಲ ಬಾರಿ ಕಂಡ ದಿನ ಅಕ್ಕ ಗದ್ದೆಯಿಂದಲೇ, "ಅಮ್ಮಾ, ಬಂತು!" ಎಂದು ಕೂಗಿದ್ದು ಮನೆಗೂ ಕೇಳಿಸಿತ್ತು.

ಅದೇ ದಿನ ಅವಳು ನನ್ನನ್ನು ಗದ್ದೆಯ ಆಚೆ ತುದಿಗೆ ಕರೆದುಕೊಂಡು ಹೋದಳು. ಬೇಲಿಯ ಬದಿಯಲ್ಲಿ ಒಂದು ಹಳೆಯ ಹುತ್ತ. ಅದರ ಒಂದು ತೂತಿನಿಂದ ಜೇನುನೊಣಗಳು ಹೋಗುತ್ತಾ ಬರುತ್ತಾ ಇದ್ದವು. ನಾವು ಉಸಿರು ಬಿಗಿಹಿಡಿದು ಕುಳಿತೆವು. ಒಳಗೆ ದೂರದಲ್ಲಿ ಯಾರೋ ಮಾತಾಡುತ್ತಿರುವಂಥ ಸದ್ದು. ನೊಣಗಳ ಕಾಲಿಗೆಲ್ಲ ಹಳದಿ ಪುಡಿ ಅಂಟಿತ್ತು.

"ಇದನ್ನು ಯಾರಿಗೂ ಹೇಳ್ಬಾರ್ದು, ಆಯ್ತಾ?" ಅಂದಳು ಅಕ್ಕ.

"ಯಾಕೆ? ಅಪ್ಪ ಜೇನು ತೆಗೆದು ಕೊಡ್ತಾರಲ್ಲ."

"ಅದಕ್ಕೇ ಹೇಳ್ಬಾರ್ದು. ಇವೆಲ್ಲ ನನ್ನ ಗದ್ದೆಗೆ ಕೆಲಸಕ್ಕೆ ಬರುವವು. ಇವು ಹೂವಿಂದ ಹೂವಿಗೆ ಹೋದ್ರೆ ಮಾತ್ರ ಕಾಯಿ ನಿಲ್ಲುದು."

ನಾನು ತಲೆಯಾಡಿಸಿದೆ. ಆ ಹೊತ್ತು ನಾನು ಹೇಳಬಾರದು ಎಂದೇ ಇದ್ದೆ.

ನಾಲ್ಕು ದಿನ ಕಳೆದು ಮಾವ ಬಂದರು. ಮಾವ ಅಂದರೆ ಅಮ್ಮನ ತಮ್ಮ. ಅಮ್ಮನ ತವರು ಕಡಬದ ಕಡೆ, ಹೊಳೆಯ ಬದಿಯಲ್ಲಿ. ಮಾವ ಬಂದರೆ ಮನೆ ತುಂಬಾ ನಗು. ಅವರ ಚೀಲದಲ್ಲಿ ನನಗೆಂದು ಏನಾದರೂ ಇದ್ದೇ ಇರುತ್ತಿತ್ತು. ಆ ಸಲ ಹುಳಿಹುಳಿ ಪುನರ್ಪುಳಿ ಹಣ್ಣಿನ ಒಣ ಸಿಪ್ಪೆ ಇತ್ತು. ಅಂಗಳದಲ್ಲಿ ಕುಳಿತು ಅದನ್ನು ಚೀಪುತ್ತಿದ್ದೆ. ಮಾವ ತಮಾಷೆಗೆ ಶುರು ಮಾಡಿದರು.

"ನಿಮ್ಮ ಊರಲ್ಲಿ ಎಂತ ಉಂಟು ಮಾರಾಯ್ತಿ? ನಮ್ಮಲ್ಲಿ ಹೊಳೆ ಉಂಟು, ಮೀನು ಉಂಟು, ಕಾಡಿಗೆ ಹೋದ್ರೆ ಮರಕ್ಕೊಂದು ಜೇನು ಉಂಟು. ಇಲ್ಲಿ ಎಂತದೂ ಇಲ್ಲ."

"ನಮ್ಮಲ್ಲೂ ಜೇನು ಉಂಟು" ಅಂದೆ.

"ಎಲ್ಲಿ? ಸುಳ್ಳು ಹೇಳುದು."

"ಉಂಟು! ಅಕ್ಕನ ಗದ್ದೆಯ ಬೇಲಿಯಲ್ಲಿ, ಹುತ್ತದಲ್ಲಿ!"

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆಯೇ ಅಕ್ಕ ಹೇಳಿದ್ದು ನೆನಪಾಯಿತು. ಮಾವ ನಕ್ಕು ಎದ್ದುಹೋದರು. ಸಂಜೆ ತೆಂಗಿನ ಒಣ ಗರಿಯ ಸೂಡಿ ಹೊತ್ತಿಸಿಕೊಂಡು, ಮಣ್ಣು ಅಗೆಯುವ ಪಿಕ್ಕಾಸು ಹಿಡಿದು ಅಪ್ಪನೂ ಮಾವನೂ ಆ ಕಡೆ ಹೋಗುವುದನ್ನು ನೋಡಿದೆ. ಅಕ್ಕ ಆಗ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಳು. ಓಡಿಹೋಗಿ ಅವಳಿಗೆ ಹೇಳಬಹುದಿತ್ತು. ನಾನು ಜಗಲಿಯಲ್ಲೇ ಕುಳಿತೆ.

ಅವರು ತಂದ ಜೇನುಗೂಡಿನ ಎರಿ ದೊಡ್ಡ ಪಾತ್ರೆಯ ತುಂಬಾ ಇತ್ತು. ಎಲ್ಲರೂ ಬೆರಳದ್ದಿ ತಿಂದರು. ನನ್ನ ಕೈಗೂ ಒಂದು ತುಂಡು ಬಂತು, ಬೆಚ್ಚಗಿತ್ತು, ಹೊಗೆಯ ರುಚಿ ಹತ್ತಿತ್ತು. ಅಕ್ಕ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದವಳು ಎರಿಯನ್ನೂ ಮಾವನ ಕೈಯ ಮಸಿಯನ್ನೂ ನೋಡಿದಳು. "ಹುತ್ತದ್ದಾ?" ಎಂದು ಕೇಳಿದಳು. "ಹೌದು, ಒಳ್ಳೆ ಎರಿ" ಅಂದರು ಮಾವ. ಅವಳು ಹಾಲು ಕಾಯಿಸಲು ಒಲೆಯ ಮುಂದೆ ಕುಳಿತಳು. ಯಾರು ಹೇಳಿದ್ದು ಎಂದು ಕೇಳಲೇ ಇಲ್ಲ. ಮಾವ ಜೇನು ಹುಡುಕುವುದರಲ್ಲಿ ಗಟ್ಟಿಗರು, ಅವರಿಗೇ ಕಂಡಿರಬೇಕು ಎಂದುಕೊಂಡಳು. ನಾನೂ ಅದನ್ನು ತಿದ್ದಲು ಹೋಗಲಿಲ್ಲ.

ಮರುದಿನ ಶಾಲೆಗೆ ಹೋಗುವ ಮೊದಲು ಹುತ್ತದ ಹತ್ತಿರ ಹೋಗಿ ನೋಡಿದೆ. ಮಣ್ಣು ಒಡೆದು ಬಿದ್ದಿತ್ತು. ಒಂದಿಷ್ಟು ನೊಣಗಳು ಸತ್ತು ಬಿದ್ದಿದ್ದವು, ಅವುಗಳ ಮೇಲೆ ಇರುವೆ ಹರಿಯುತ್ತಿತ್ತು. ಉಳಿದವು ಎಲ್ಲಿಗೋ ಹೋಗಿದ್ದವು.

ಆಮೇಲಿನ ದಿನಗಳಲ್ಲಿ ಗದ್ದೆಯಲ್ಲಿ ಹೆಣ್ಣು ಹೂಗಳು ಅರಳಿದವು, ಬಾಡಿದವು. ಅವುಗಳ ಕೆಳಗಿನ ಪುಟ್ಟ ಕಾಯಿಗಳು ಒಂದೆರಡು ದಿನ ಹಸಿರಾಗಿದ್ದು, ನಂತರ ತುದಿಯಿಂದ ಹಳದಿಯಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದವು. ಆ ವಾರ ಬೆಳಗ್ಗೆಲ್ಲ ಮೋಡ ಮುಚ್ಚಿರುತ್ತಿತ್ತು. ಅದೂ ಒಂದು ಕಾರಣ ಇರಬಹುದು, ಈಗಲೂ ನಾನು ಖಚಿತವಾಗಿ ಹೇಳಲಾರೆ. ಆಗ ಮಾತ್ರ ನನಗೆ ಸಂಶಯವೇ ಇರಲಿಲ್ಲ. ಅಕ್ಕ ಬಿದ್ದ ಕಾಯಿಗಳನ್ನು ಹೆಕ್ಕಿ ಲಂಗದ ಮಡಿಲಲ್ಲಿ ಹಾಕಿಕೊಂಡು ಬದುವಿನ ಮೇಲೆ ಕುಳಿತಿರುತ್ತಿದ್ದಳು. ನಾನು ಚೆಂಬು ಹಿಡಿದು ಅವಳ ಮುಖ ನೋಡದೆ ನೀರು ಹಾಕುತ್ತಿದ್ದೆ. ನನ್ನ ಬಟ್ಟಲಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಅಮ್ಮ ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ, ಎಂತ ಆದದ್ದು ಇವಳಿಗೆ?" ಎಂದಳು.

ಎಂಟನೆಯ ದಿನ ಸಂಜೆ ಅಪ್ಪ ಗದ್ದೆಗೆ ಬಂದರು. ಅಮ್ಮನೂ ಬದುವಿನ ಬದಿಯ ಹರಿವೆ ಕೊಯ್ಯಲು ಬಂದಿದ್ದಳು. ಅಪ್ಪ ಬಳ್ಳಿಗಳ ನಡುವೆ ಕಾಲಿಡುತ್ತಾ ಹೋಗಿ, ಬಗ್ಗಿ ಎರಡು ಮೂರು ಹಳದಿ ಕಾಯಿಗಳನ್ನು ಚಿವುಟಿ ನೋಡಿದರು. ಕೆರೆಯ ಕಡೆ ನೋಡಿದರು. ಕೆರೆಯಲ್ಲಿ ಮೂರು ಮೆಟ್ಟಿಲು ಹೊಸದಾಗಿ ಹೊರಗೆ ಕಾಣುತ್ತಿದ್ದವು.

"ಈ ಗದ್ದೆಗೆ ಇದು ಆಗುದಿಲ್ಲ" ಅಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. "ನಾಳೆಯಿಂದ ಇಲ್ಲಿಗೆ ನೀರು ಬೇಡ. ಕೆರೆ ತಳ ಕಾಣ್ತಾ ಉಂಟು. ಇರುವ ನೀರನ್ನು ಹಿತ್ತಿಲ ಬದನೆಗೆ, ಬಸಳೆಗೆ ಹಾಕುವ."

ಅಕ್ಕ ಎರಡೂ ಕೊಡಗಳನ್ನು ನೆಲಕ್ಕೆ ಇಟ್ಟಳು. ಮೂರು ವರ್ಷ ಕೇಳಿ ಪಡೆದವಳು, ದಿನಕ್ಕೆ ನಲವತ್ತು ಸಲ ಮೆಟ್ಟಿಲು ಹತ್ತಿದವಳು, ಒಂದು ಮಾತೂ ಆಡದೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಮಾವನಿಗೆ ಜೇನು ಇರುದು ಹೇಳಿದ್ದು ನಾನು" ಅಂದೆ.

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. "ಜೇನಿಗೂ ಚೀನಿಕಾಯಿಗೂ ಎಂತ?"

ನಾನು ಅಳಲು ಶುರು ಮಾಡಿದೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅಕ್ಕ ತೋರಿಸಿದ್ದು, ಹೇಳಬಾರದು ಅಂದದ್ದು, ಮಾವ ಚುಡಾಯಿಸಿದ್ದು, ನಾನು ಓಡಿಹೋಗಿ ತಿಳಿಸದೆ ಜಗಲಿಯಲ್ಲೇ ಕುಳಿತದ್ದು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಅಪ್ಪನ ಕಡೆ ತಿರುಗಿ, ನೊಣ ಇಲ್ಲದಿದ್ದರೆ ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಾಗುವುದಿಲ್ಲ, ತಾಗದಿದ್ದರೆ ಕಾಯಿ ನಿಲ್ಲುವುದಿಲ್ಲ ಎಂದಷ್ಟೇ ವಿವರಿಸಿದಳು. ಅಪ್ಪ ಒಡೆದು ಬಿದ್ದ ಹುತ್ತದ ಕಡೆ ತಿರುಗಿದರು. ಸೂಡಿ ಹಿಡಿದು ಹೋದವರಲ್ಲಿ ಅವರೂ ಒಬ್ಬರಲ್ಲವೇ.

ಆಗ ಅಮ್ಮ ಹರಿವೆ ಸೊಪ್ಪಿನ ಕಟ್ಟನ್ನು ಬದುವಿನ ಮೇಲೆ ಇಟ್ಟು ಎದ್ದಳು. "ನನ್ನ ತವರಲ್ಲಿ ಹೊಳೆ ಬದಿಯ ಹೊಯಿಗೆ ಮಣ್ಣಲ್ಲಿ ಚೀನಿಕಾಯಿ ಮಾಡ್ತಿದ್ರು. ಮೋಡ ಹಾಕಿ ನೊಣ ಬಾರದ ದಿನ ಅಜ್ಜಿ ನಮ್ಮನ್ನು ಬೆಳಿಗ್ಗೆ ಎಬ್ಬಿಸಿ ಹೂ ಮುಟ್ಟಿಸ್ಲಿಕ್ಕೆ ಕಳಿಸ್ತಿದ್ರು. ಕೈಯಲ್ಲಿ ಮಾಡಿದ್ರೂ ನಿಲ್ತದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಅಂದರು ಅಪ್ಪ.

"ನನ್ನ ಹತ್ರ ಯಾರು ಕೇಳಿದ್ದು?" ಅಂದಳು ಅಮ್ಮ.

ಅಪ್ಪ ಮತ್ತೊಮ್ಮೆ ಕೆರೆಯ ಕಡೆ ನೋಡಿದರು. "ಹುಣ್ಣಿಮೆವರೆಗೆ ನೋಡುವ. ಅಷ್ಟು ದಿನ ಬದನೆಗೆ ಅರ್ಧ ನೀರು ಸಾಕು" ಎಂದು ಹೇಳಿ, ನೆಲದಲ್ಲಿದ್ದ ಕೊಡಗಳನ್ನು ತಾವೇ ಎತ್ತಿಕೊಂಡು ಮೆಟ್ಟಿಲು ಇಳಿದರು.

ಮರುದಿನದ ಮುಂಜಾನೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಬದುವಿನ ಹುಲ್ಲು ಕಾಲಿಗೆ ತಣ್ಣಗೆ ತಾಗುತ್ತಿತ್ತು. ಗೇರು ಹೂವಿನ ವಾಸನೆ ಗುಡ್ಡದಿಂದ ಇಳಿದು ಬರುತ್ತಿತ್ತು. ಚೀನಿಕಾಯಿ ಹೂ ಸೂರ್ಯ ಮೂಡುವ ಹೊತ್ತಿಗೆ ಅರಳಿ, ಬಿಸಿಲು ಏರುವಷ್ಟರಲ್ಲಿ ಮುದುಡುತ್ತದೆ. ಅಷ್ಟರೊಳಗೆ ನಮ್ಮ ಕೆಲಸ ಮುಗಿಯಬೇಕು.

ಅಮ್ಮ ಒಂದು ಗಂಡು ಹೂ ಕೊಯ್ದು ಅದರ ಎಸಳುಗಳನ್ನೆಲ್ಲ ಕಿತ್ತು ತೆಗೆದಳು. ನಡುವೆ ಹಳದಿ ಪುಡಿ ತುಂಬಿದ ಒಂದು ಕಡ್ಡಿ ಉಳಿಯಿತು. ಅದನ್ನು ಹೆಣ್ಣು ಹೂವಿನ ಒಳಗೆ ಮೂರು ಕಡೆ ಮೆಲ್ಲಗೆ ಒತ್ತಿದಳು. "ಉಜ್ಜಬಾರ್ದು. ಮಗುವಿನ ಹಣೆಗೆ ಬೊಟ್ಟು ಇಟ್ಟ ಹಾಗೆ" ಅಂದಳು. ಮುಟ್ಟಿಸಿದ ಹೂವಿನ ತೊಟ್ಟಿಗೆ ಗುರುತಿಗೆಂದು ಬಾಳೆಯ ನಾರು ಕಟ್ಟಿದಳು.

ಬಳ್ಳಿಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ದೊಡ್ಡವರು ನಡುವೆ ಹೋದರೆ ತುಳಿತ ಗ್ಯಾರಂಟಿ. ನಾನಾದರೆ ಒಂದೊಂದು ಹೆಜ್ಜೆಗೂ ಎಲೆ ಸರಿಸಿ, ಮಣ್ಣು ಕಂಡಲ್ಲಿ ಕಾಲಿಟ್ಟು ಹೋಗಬಲ್ಲವಳಾಗಿದ್ದೆ. ಎಲೆಯ ಕೆಳಗಿನ ಸಣ್ಣ ಮುಳ್ಳಿನಂಥ ರೋಮಗಳು ತಾಗಿ ಕೈಕಾಲು ಉರಿಯುತ್ತಿತ್ತು. ಹೂವಿನೊಳಗೆ ಕೈ ಇಟ್ಟರೆ ಒಳಗೆ ಮಲಗಿದ್ದ ಇರುವೆಗಳು ಬೆರಳಿಗೆ ಹತ್ತುತ್ತಿದ್ದವು. ಅಕ್ಕ ಅಂಚಿನಲ್ಲಿ ಬಗ್ಗಿ ನಿಂತು ಎಸಳು ಕಿತ್ತ ಗಂಡು ಹೂಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡುತ್ತಿದ್ದಳು. ಬೇರೆ ಮಾತಿಲ್ಲ. "ಅಲ್ಲಿ ಒಂದು." "ಎಡಕ್ಕೆ." "ಆ ಎಲೆಯ ಅಡಿಯಲ್ಲಿ." ಅಷ್ಟೇ.

ಆ ಬೆಳಗ್ಗೆ ಹನ್ನೊಂದು ಹೆಣ್ಣು ಹೂಗಳಿದ್ದವು. ಹನ್ನೊಂದನೆಯದು ಗದ್ದೆಯ ನಟ್ಟನಡುವೆ. ಅದಕ್ಕೆ ನಾರು ಕಟ್ಟಿ ನಾನು ಹಿಂದಿರುಗುವಾಗ ಅಕ್ಕ ಕೈ ಚಾಚಿ ನನ್ನನ್ನು ಬದುವಿಗೆ ಎಳೆದುಕೊಂಡಳು.

"ನಿನಗೆ ಜೇನು ತಿನ್ಲಿಕ್ಕೆ ಅಷ್ಟು ಆಸೆ ಇತ್ತಾ?" ಎಂದು ಕೇಳಿದಳು.

"ಇಲ್ಲ. ಮಾವ ನಮ್ಮ ಊರಲ್ಲಿ ಎಂತದೂ ಇಲ್ಲ ಅಂದ್ರು."

ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಬದುವಿನ ಮೇಲೆ ಕುಳಿತೇಬಿಟ್ಟಳು. "ಅದಕ್ಕಾ! ಅಷ್ಟಕ್ಕಾ!" ಅನ್ನುತ್ತಾ ಲಂಗದ ಅಂಚಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಅವಳ ಪಕ್ಕ ಕುಳಿತೆ. ಎಂಟು ದಿನಗಳ ಮೇಲೆ ಆ ದಿನ ನನಗೆ ಹಸಿವಾಯಿತು. ಮನೆಗೆ ಬಂದು ಎರಡು ಬಟ್ಟಲು ಗಂಜಿ ಕುಡಿದೆ.

ಹುಣ್ಣಿಮೆಯವರೆಗೆ ದಿನಾ ಬೆಳಗ್ಗೆ ಹಾಗೆಯೇ ನಡೆಯಿತು. ಹಳದಿ ಬೆರಳುಗಳಲ್ಲೇ ಶಾಲೆಗೆ ಹೋಗಿ ಸ್ಲೇಟು ಹಿಡಿಯುತ್ತಿದ್ದೆ. ಮೊದಲ ದಿನದ ಹನ್ನೊಂದರಲ್ಲಿ ನಾಲ್ಕು ಬಿದ್ದುಹೋದವು, ಏಳು ನಿಂತವು. ನಿಂತವು ಅಂದರೆ ನೆಲ್ಲಿಕಾಯಿ ಲಿಂಬೆಯಾಯಿತು, ಲಿಂಬೆ ಚೆಂಬಿನಷ್ಟಾಯಿತು. ಹುಣ್ಣಿಮೆಯ ಮರುದಿನ ಅಪ್ಪ ಬಂದು, ಬಾಳೆ ನಾರು ಕಟ್ಟಿದ ತೊಟ್ಟುಗಳನ್ನು ಒಂದೊಂದಾಗಿ ಹುಡುಕಿ ನೋಡಿದರು. ಅಲ್ಲಿಂದ ನೇರ ಕೆರೆಗೆ ಹೋಗಿ ತಳದ ಕೆಸರು ತೆಗೆಯಲು ಇಳಿದರು. ಎರಡು ದಿನ ಕೆಸರು ಎತ್ತಿದ ಮೇಲೆ ಒರತೆ ಬಿಟ್ಟುಕೊಂಡು ನೀರು ಒಂದು ಮೆಟ್ಟಿಲು ಮೇಲೆ ಬಂತು.

ನಮ್ಮ ಕಡೆಯ ಹೊಸವರ್ಷ ಬಿಸು ಹಬ್ಬದ ಹಿಂದಿನ ದಿನ ಅಕ್ಕ ಮೊದಲ ಚೀನಿಕಾಯಿ ಕೊಯ್ದಳು. ತೊಟ್ಟು ಕತ್ತರಿಸಿದಲ್ಲಿ ಅಂಟು ನೀರು ಹನಿಹನಿಯಾಗಿ ಬಂತು. ಅವಳಿಗೆ ಅದನ್ನು ಎತ್ತಲು ಆಗುತ್ತಿತ್ತು, ಆದರೂ ಅಪ್ಪ, "ಇತ್ತ ಕೊಡು" ಎಂದು ತಮ್ಮ ಹೆಗಲ ಮೇಲೆ ಇಟ್ಟುಕೊಂಡರು. ಗದ್ದೆಯ ಬದುವಿನಲ್ಲಿ ಮುಂದೆ ಅಪ್ಪ, ಹಿಂದೆ ನಾವಿಬ್ಬರು. ಅರ್ಧ ದಾರಿಯಲ್ಲಿ ಅಪ್ಪ ಹಿಂದೆ ತಿರುಗದೆಯೇ, "ಬರುವ ವರ್ಷ ಪಕ್ಕದ ಗದ್ದೆಯನ್ನೂ ನೀನೇ ಮಾಡು" ಅಂದರು. ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ನನಗೆ ನೋವಾಯಿತು. ಆ ಮಳೆಗಾಲ ನಮ್ಮ ಅಟ್ಟದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ಬಿಸು ಹಬ್ಬಕ್ಕೆ ಬಂದಿದ್ದ ಮಾವ ಊಟದ ಎಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿದರು. ಅವರಿಗೆ ಬೇಸರವಾಯಿತು. ಆಮೇಲೆ ಜೇನು ತೆಗೆಯಲು ಹೋದಾಗಲೆಲ್ಲ ಸೂಡಿಯ ಬೆಂಕಿ ದೂರವಿಟ್ಟು, ಅರ್ಧ ಎರಿ ನೊಣಗಳಿಗೆಂದೇ ಬಿಟ್ಟು ಬರುತ್ತಿದ್ದರಂತೆ.

ಈಗ ನಾನು ರಾಮಕುಂಜದ ಹತ್ತಿರ ಮಗಳ ಮನೆಯಲ್ಲಿದ್ದೇನೆ. ಮಗಳು, ಅಳಿಯ ಇಬ್ಬರೂ ತರಕಾರಿ ಬೆಳೆಯುತ್ತಾರೆ. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸಾಲಿಗೊಂದು ಸಣ್ಣ ಪೈಪು ಎಳೆದಿದ್ದಾರೆ. ಬೋರ್‌ವೆಲ್ಲಿನ ನೀರು ಒಂದೊಂದು ಬುಡಕ್ಕೆ ಒಂದೊಂದೇ ಹನಿ ಬೀಳುತ್ತದೆ. ಎಲೆಗೆ ಹುಳ ಬಿದ್ದರೆ ಫೋಟೋ ತೆಗೆದು ಫೋನಿನಲ್ಲಿ ಕಳಿಸುತ್ತಾರೆ, ಯಾರೋ ದೂರದಲ್ಲಿ ಕುಳಿತು ಮದ್ದು ಹೇಳುತ್ತಾರೆ. ನನ್ನ ಮೊಮ್ಮಕ್ಕಳಿಬ್ಬರಿಗೆ ಕೊಡ ಎಂದರೆ ಅಡುಗೆಮನೆಯ ಮೂಲೆಯಲ್ಲಿ ಇರುವ ಒಂದು ಪಾತ್ರೆ. ಅವರು ಭಾರ ಹೊರಬೇಕೆಂದು ನನಗೆ ಆಸೆಯೇನೂ ಇಲ್ಲ. ಅಕ್ಕನ ಸೊಂಟ ಕೊನೆಯವರೆಗೂ ನೋಯುತ್ತಿತ್ತು.

ಹಿಂದಿನ ಕಾಲವೇ ಒಳ್ಳೆಯದಿತ್ತು, ಆಗಿನ ಮಕ್ಕಳೇ ಒಳ್ಳೆಯವರು ಎಂದು ನನ್ನ ವಯಸ್ಸಿನವರು ಹೇಳುವುದುಂಟು. ನನಗೆ ಹಾಗನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ. ಹೋದ ವಾರ ಶಾಲೆಗೆ ರಜೆ. ಅಲಸಂಡೆಯ ಸಾಲಿಗೆ ನೀರು ತಿರುಗಿಸಿ ಹತ್ತು ನಿಮಿಷದಲ್ಲಿ ಬಂದ್ ಮಾಡು ಎಂದು ಮೊಮ್ಮಗಳಿಗೆ ಹೇಳಿ ಅವಳ ಅಮ್ಮ ಪುತ್ತೂರಿಗೆ ಹೋಗಿದ್ದಳು. ಹುಡುಗಿ ಆಟದಲ್ಲಿ ಮರೆತಳು. ಎಲ್ಲಿಯೋ ಪೈಪು ಬಿಟ್ಟುಕೊಂಡು, ಆಗಷ್ಟೇ ಮೊಳೆತ ಸಸಿಗಳ ಒಂದು ಸಾಲು ಪೂರ್ತಿ ಕೊಚ್ಚಿಹೋಯಿತು. ಯಾರೂ ನೋಡಿರಲಿಲ್ಲ. ಪೈಪು ತಾನಾಗಿ ಕಳಚಿತು ಎಂದರೆ ಎಲ್ಲರೂ ನಂಬುತ್ತಿದ್ದರು. ಅವಳ ಅಮ್ಮ ಸ್ಕೂಟರಿನಿಂದ ಇಳಿಯುವ ಮೊದಲೇ ಹುಡುಗಿ ಅಂಗಳಕ್ಕೆ ಓಡಿಹೋಗಿ, ನೇರ ನಿಂತು, "ಅಮ್ಮಾ, ನನ್ನಿಂದ ಒಂದು ತಪ್ಪಾಯ್ತು" ಅಂದಳು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಎಂಟು ದಿನ ಬೇಕಾಗಿತ್ತು. ಆ ಮಗು ಅಮ್ಮ ಹೆಲ್ಮೆಟ್ ತೆಗೆಯುವವರೆಗೂ ಕಾಯಲಿಲ್ಲ.